ಸ್ಟಾರ್ಮ್‌ಟ್ರೂಪರ್‌ಗಳೆಲ್ಲ ಕ್ಲೋನ್‌ಗಳಾ? ಮತ್ತೊಮ್ಮೆ ಉತ್ತರ

ಪ್ರಶ್ನೆ: ಸ್ಟಾರ್ ವಾರ್ಸ್‌ನಲ್ಲಿ ಸಾಮ್ರಾಜ್ಯದ ಬಿಳಿ ಕವಚದ ಸೈನಿಕರೆಲ್ಲ ಒಬ್ಬನೇ ಮನುಷ್ಯನ ಕ್ಲೋನ್‌ಗಳು ಅಲ್ವಾ? ಹಾಗಿದ್ದರೆ ಆ ಸೈನ್ಯಕ್ಕೆ ಪರಂಪರೆ ಅಂತ ಏನಾದರೂ ಇದೆಯಾ?

ಎರಡನೇ ಪ್ರಶ್ನೆ ತುಂಬಾ ಚೆನ್ನಾಗಿದೆ. ಮೊದಲನೆಯದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ತಿಂಗಳು ಯಾರಾದರೂ ಕೇಳುತ್ತಾರೆ. ಕೇಳುವವರ ತಪ್ಪಲ್ಲ, ಗೊಂದಲ ಹುಟ್ಟಿದ್ದೇ ಚಿತ್ರಗಳು ಬಂದ ಕ್ರಮದಿಂದ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಅಲ್ಲ, ಸ್ಟಾರ್ಮ್‌ಟ್ರೂಪರ್‌ಗಳು ಕ್ಲೋನ್‌ಗಳಲ್ಲ. ಸಾಮ್ರಾಜ್ಯ ಹುಟ್ಟಿದ ಹೊಸತರಲ್ಲಿ ಇದ್ದವರು ಕ್ಲೋನ್‌ಗಳು. 1977ರ ಮೊದಲ ಚಿತ್ರದ ಹೊತ್ತಿಗೆ ಆ ಹೆಲ್ಮೆಟ್‌ಗಳ ಒಳಗೆ ಇದ್ದವರು ಬೇರೆ ಬೇರೆ ಗ್ರಹಗಳಿಂದ ಬಂದು ಸೇರಿದ ಮಾಮೂಲಿ ಮನುಷ್ಯರು.

ಲೆಕ್ಕ ಹಾಕಿ ನೋಡೋಣ. ಇದಕ್ಕೆ ಚಿತ್ರಗಳನ್ನು ಬಿಟ್ಟು ಬೇರೇನೂ ಬೇಡ. 2002ರ ಚಿತ್ರದ ಕಥೆ 1977ರ ಚಿತ್ರಕ್ಕಿಂತ ಹಿಂದಿನ ಕಾಲದ್ದು. ಅದರಲ್ಲಿ ಓಬಿ-ವಾನ್ ಎಂಬ ಜೆಡೈ ಯೋಧ ಕಮೀನೋ ಗ್ರಹಕ್ಕೆ ಹೋಗುತ್ತಾನೆ. ಅಲ್ಲಿ ಜ್ಯಾಂಗೋ ಫೆಟ್ ಎಂಬ ಒಬ್ಬನ ಅಚ್ಚಿನಿಂದ ಸೈನ್ಯವನ್ನೇ ಬೆಳೆಸುತ್ತಿರುತ್ತಾರೆ. ಸೈನ್ಯಕ್ಕೆ ಬೇಡಿಕೆ ಹೋಗಿ ಸುಮಾರು 10 ವರ್ಷ ಆಗಿರುತ್ತದೆ. ಆದರೆ ಸಾಲಿನಲ್ಲಿ ನಿಂತ ಸೈನಿಕರು 20 ವರ್ಷದ ಹುಡುಗರ ಹಾಗೆ ಕಾಣುತ್ತಾರೆ. ಯಾಕೆ? ಅವರು ಎರಡು ಪಟ್ಟು ವೇಗದಲ್ಲಿ ಬೆಳೆಯುವ ಹಾಗೆ ಮಾಡಿದ್ದಾರೆ. ಈ ಒಂದು ವಿಷಯವನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಬೇಗ ಬೆಳೆಯುವವನು ಬೇಗ ಮುದುಕನೂ ಆಗುತ್ತಾನೆ ಅಲ್ವಾ?

ಆ ಸೈನ್ಯ ಹೋರಾಡುವ ಕ್ಲೋನ್ ಯುದ್ಧ 3 ವರ್ಷ ನಡೆಯುತ್ತದೆ. ಕೊನೆಗೆ ಆ ಹುಡುಗನ ದೇಹಕ್ಕೆ 26. ಆಗಲೇ ಸಾಮ್ರಾಜ್ಯ ಹುಟ್ಟುತ್ತದೆ, ಮೊದಲ ಚಿತ್ರದ ನಾಯಕ ಲ್ಯೂಕ್ ಕೂಡ ಹುಟ್ಟುತ್ತಾನೆ. 1977ರ ಚಿತ್ರದಲ್ಲಿ ಲ್ಯೂಕ್‌ಗೆ 19. ಅಂದರೆ ನಮ್ಮ ಕ್ಲೋನ್‌ನ ದೇಹಕ್ಕೆ ಇನ್ನೂ 38 ಸೇರಿತು. ಒಟ್ಟು 64. ಸಾಮ್ರಾಜ್ಯದ ದೈತ್ಯ ಬಾಹ್ಯಾಕಾಶ ನೆಲೆ ಡೆತ್ ಸ್ಟಾರ್‌ನ ಉದ್ದುದ್ದ ಮೊಗಸಾಲೆಗಳಲ್ಲಿ ಲ್ಯೂಕ್‌ನ ಜೊತೆಗಾರ ಹ್ಯಾನ್ ಸೋಲೋನನ್ನು ಅಟ್ಟಿಸಿಕೊಂಡು ಓಡುತ್ತಿರುವವರು 64ರ ಅಜ್ಜಂದಿರು ಅಂತ ಯಾರೂ ಒಪ್ಪುವುದಿಲ್ಲ. 'ರೆಬೆಲ್ಸ್' ಸರಣಿಯಲ್ಲಿ ಕ್ಲೋನ್ ಸೈನಿಕ ಕ್ಯಾಪ್ಟನ್ ರೆಕ್ಸ್ ಮತ್ತೆ ಸಿಗುವುದು ಇದೇ ಕಾಲದ ಸುಮಾರಿಗೆ. ಬಿಳಿ ಗಡ್ಡ, ಬೋಳು ತಲೆ, ದಪ್ಪ ಹೊಟ್ಟೆ. ಅವನೇ ಸಾಕ್ಷಿ.

ಇಷ್ಟು ಹೇಳಿದ ಮೇಲೂ ಒಂದು ವಾದ ಬಂದೇ ಬರುತ್ತದೆ. ಸೆರೆಯಲ್ಲಿದ್ದ ರಾಜಕುಮಾರಿ ಲೇಯಾ, ತನ್ನನ್ನು ಬಿಡಿಸಲು ಕವಚ ಹಾಕಿಕೊಂಡು ಬಂದ ಲ್ಯೂಕ್‌ನನ್ನು ನೋಡಿ ಸ್ಟಾರ್ಮ್‌ಟ್ರೂಪರ್‌ಗೆ ನೀನು ಸ್ವಲ್ಪ ಕುಳ್ಳ ಆಗಲಿಲ್ವಾ ಎಂದು ಕೇಳುತ್ತಾಳಲ್ಲ, ಎಲ್ಲರೂ ಒಂದೇ ಎತ್ತರ ಇರುವುದಕ್ಕೇ ತಾನೆ ಹಾಗೆ ಕೇಳಿದ್ದು, ಅಂತ. ಸ್ವಲ್ಪ ಯೋಚನೆ ಮಾಡಿ. ಸೈನಿಕರೆಲ್ಲ ಒಂದೇ ಅಚ್ಚಿನವರಾಗಿದ್ದರೆ, ಕುಳ್ಳನೊಬ್ಬ ಒಳಗೆ ಬಂದ ಕೂಡಲೇ ಅವನು ಸೈನಿಕನೇ ಅಲ್ಲ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅವಳಿಗೆ ಆಶ್ಚರ್ಯ ಆಗಿದೆ, ಅಷ್ಟೇ. ಇಷ್ಟು ಕುಳ್ಳನನ್ನು ಹೇಗೆ ಸೇರಿಸಿಕೊಂಡರು ಎನ್ನುವ ಆಶ್ಚರ್ಯ. ಇಂತಿಷ್ಟು ಎತ್ತರ ಇರಬೇಕು ಎನ್ನುವ ನಿಯಮ ಜನರನ್ನು ಆರಿಸಿಕೊಳ್ಳುವ ಸೈನ್ಯಕ್ಕೆ ತಾನೆ ಬೇಕು? ಅಚ್ಚಿನಿಂದ ತೆಗೆಯುವ ಸೈನ್ಯಕ್ಕೆ ಅದರ ಅಗತ್ಯವೇ ಇಲ್ಲ. ಅದೇ ಚಿತ್ರದಲ್ಲಿ ಸೈನಿಕರ ದನಿಗಳನ್ನು ಗಮನವಿಟ್ಟು ಕೇಳಿ. ಒಬ್ಬೊಬ್ಬರದು ಒಂದೊಂದು ಥರ.

ಗೊಂದಲ ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. 1977ರಲ್ಲಿ 'ಕ್ಲೋನ್ ಯುದ್ಧ' ಎನ್ನುವುದು ಮಾತಿನಲ್ಲಿ ತೇಲಿ ಹೋದ ಒಂದು ಹೆಸರು, ಅಷ್ಟೇ. 25 ವರ್ಷ ಆದಮೇಲೆ ಕ್ಲೋನ್‌ಗಳನ್ನು ತೋರಿಸಿದರು. 2005ರ ಚಿತ್ರದಲ್ಲಿ ಅವರ ಕವಚವನ್ನು ಬೇಕೆಂದೇ ಹಳೆಯ ಸ್ಟಾರ್ಮ್‌ಟ್ರೂಪರ್ ಕವಚದ ಹತ್ತಿರಕ್ಕೆ ತಂದರು. ಅದು ಸಾಮ್ರಾಜ್ಯ ಹುಟ್ಟುತ್ತಿದೆ ಎನ್ನುವುದಕ್ಕೆ ಸೂಚನೆ. ನೋಡಿದವರು ಮಾತ್ರ ಕವಚ ಒಂದೇ, ಹಾಗಾದರೆ ಒಳಗಿನ ಮನುಷ್ಯನೂ ಒಬ್ಬನೇ ಅಂದುಕೊಂಡರು.

ಬದಲಾವಣೆ ಹೇಗೆ ಆಯ್ತು ಎನ್ನುವುದು 'ದ ಬ್ಯಾಡ್ ಬ್ಯಾಚ್' ಸರಣಿಯಲ್ಲಿ ವಿವರವಾಗಿ ಬರುತ್ತದೆ. ಸಾಮ್ರಾಜ್ಯದ ಹಿರಿಯ ಅಧಿಕಾರಿ ಟಾರ್ಕಿನ್‌ಗೆ ಕ್ಲೋನ್‌ಗಳ ಖರ್ಚು ಜಾಸ್ತಿ ಅನ್ನಿಸುತ್ತದೆ, ನಂಬಿಕೆ ಕಡಿಮೆ. ಹೊಸಬರನ್ನು ಸೇರಿಸಿಕೊಂಡು ಕ್ಲೋನ್‌ಗಳ ಕೈಯಲ್ಲೇ ತರಬೇತಿ ಕೊಡಿಸುತ್ತಾರೆ. ಆಮೇಲೆ ಕಮೀನೋದ ನಗರವನ್ನು ಆಕಾಶದಿಂದ ಗುಂಡು ಸುರಿಸಿ ಸಮುದ್ರಕ್ಕೆ ಕೆಡವುತ್ತಾರೆ. ಸೆನೆಟ್‌ನಲ್ಲಿ ನೇಮಕಾತಿ ಮಸೂದೆ ಪಾಸಾಗುತ್ತದೆ. ಕ್ಲೋನ್‌ಗಳ ಕಾಲ ಅಲ್ಲಿಗೆ ಮುಗಿಯುತ್ತದೆ.

ಇದನ್ನು ನಾನು ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣ ಇದೆ. ಕ್ಲೋನ್‌ಗೆ ಆಯ್ಕೆಯೇ ಇರಲಿಲ್ಲ. ಹುಟ್ಟಿದ್ದೇ ಯುದ್ಧಕ್ಕೆ. ತಲೆಯೊಳಗೆ ಚಿಪ್ ಇಟ್ಟಿದ್ದರು. ಜೆಡೈಗಳನ್ನೆಲ್ಲ ಕೊಲ್ಲಿ ಎನ್ನುವ ಆಜ್ಞೆ, ಅಂದರೆ ಆರ್ಡರ್ 66, ಬಂದಾಗ ಅವರ ಮೇಲೆ ಗುಂಡು ಹಾರಿಸಿದ್ದು ಅವನ ಸ್ವಂತ ಮನಸ್ಸಲ್ಲ. ಸ್ಟಾರ್ಮ್‌ಟ್ರೂಪರ್ ಹಾಗಲ್ಲ. ಅವನಿಗೆ ಒಂದು ಊರಿತ್ತು, ಮನೆ ಇತ್ತು. ನೇಮಕಾತಿ ಕಚೇರಿಗೆ ಹೋಗಿ ಹೆಸರು ಬರೆಸಿದ. 2018ರ ಚಿತ್ರದಲ್ಲಿ ಹ್ಯಾನ್ ಕೂಡ ತನ್ನ ಗ್ರಹ ಕೊರೆಲಿಯಾದಿಂದ ತಪ್ಪಿಸಿಕೊಳ್ಳುವುದಕ್ಕೆ ಹೀಗೆಯೇ ಸಾಮ್ರಾಜ್ಯದ ಸೇವೆಗೆ ಸೇರುತ್ತಾನೆ, ಮಿಂಬಾನ್‌ನ ಕೆಸರಿನಲ್ಲಿ ಕಾಲಾಳಾಗಿ ಒದ್ದಾಡುತ್ತಾನೆ. ಲ್ಯೂಕ್ ಕೂಡ ಮೊದಲು ತನ್ನನ್ನು ಸಾಕಿದ ಓವನ್ ಹತ್ತಿರ ಸಾಮ್ರಾಜ್ಯದ ಅಕಾಡೆಮಿಗೆ ಕಳಿಸು ಅಂತ ಕಾಡುತ್ತಿದ್ದವನೇ. 'ಎಲ್ಲರೂ ಕ್ಲೋನ್‌ಗಳು' ಅಂದುಬಿಟ್ಟರೆ ಈ ಕಥೆಯೆಲ್ಲ ಅಳಿಸಿಹೋಗುತ್ತದೆ. ಒಂದು ಸಾಮ್ರಾಜ್ಯ ಮಾಮೂಲಿ ಮನೆಗಳ ಮಕ್ಕಳನ್ನು ಹೇಗೆ ತನ್ನ ಕೈಯಾಗಿ ಮಾಡಿಕೊಳ್ಳುತ್ತದೆ ಎನ್ನುವುದೇ ಕಾಣದೆ ಹೋಗುತ್ತದೆ.

ಈಗ ಪರಂಪರೆ. ವಿಚಿತ್ರ ಅಂದರೆ ಅದು ಗಟ್ಟಿಯಾಗಿದ್ದದ್ದು ಕ್ಲೋನ್‌ಗಳಲ್ಲೇ. ಮುಖ ಒಂದೇ ಇದ್ದದ್ದರಿಂದ ತಾನು ಬೇರೆ ಅಂತ ತೋರಿಸಿಕೊಳ್ಳುವ ಆಸೆ ಅವರಿಗೆ ಜಾಸ್ತಿ ಇತ್ತು. ಸಿಟಿ-7567 ಎನ್ನುವುದು ಸಂಖ್ಯೆ, ರೆಕ್ಸ್ ಎನ್ನುವುದು ಹೆಸರು. ಪ್ರತಿ ದಳಕ್ಕೂ ಒಂದು ಬಣ್ಣ. ಕೋಡಿ ಎಂಬ ಕ್ಲೋನ್‌ನ 212ನೇ ದಳಕ್ಕೆ ಕಿತ್ತಳೆ, ರೆಕ್ಸ್‌ನ 501ನೇ ದಳಕ್ಕೆ ನೀಲಿ. ತಲೆಗೂದಲು ಕತ್ತರಿಸುವ ರೀತಿ, ಹಚ್ಚೆ, ಹೆಲ್ಮೆಟ್ ಮೇಲಿನ ಚಿತ್ರ, ಎಲ್ಲದರಲ್ಲೂ ಅವರವರ ಗುರುತು. 2020ರಲ್ಲಿ ಬಂದ 'ದ ಕ್ಲೋನ್ ವಾರ್ಸ್' ಕೊನೆಯ ಕಂತುಗಳಲ್ಲಿ ಒಂದು ತುಕಡಿಯವರು ತಮ್ಮ ಹಳೆಯ ನಾಯಕಿ ಅಹ್ಸೋಕಾಳ ಮುಖದ ಗುರುತುಗಳನ್ನೇ ಹೆಲ್ಮೆಟ್‌ಗಳ ಮೇಲೆ ಬಳಿದುಕೊಂಡು ಅವಳಿಗಾಗಿ ಸಾಲಾಗಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಆರ್ಡರ್ 66 ಬರುತ್ತದೆ. ಕೊನೆಗೆ ಅವೇ ಹೆಲ್ಮೆಟ್‌ಗಳು ಅವರ ಸಮಾಧಿಯ ಗುರುತುಗಳಾಗುತ್ತವೆ. ನನಗೆ ಇಡೀ ಸರಣಿಯಲ್ಲಿ ಅದಕ್ಕಿಂತ ಭಾರವಾದ ದೃಶ್ಯ ಇಲ್ಲ.

ಸಾಮ್ರಾಜ್ಯ ಮೊದಲು ಅಳಿಸಿದ್ದೇ ಆ ಬಣ್ಣಗಳನ್ನು. ಸ್ಟಾರ್ಮ್‌ಟ್ರೂಪರ್ ಕವಚ ಬರೀ ಬಿಳಿ. ಹೆಚ್ಚೆಂದರೆ ಟ್ಯಾಟೂಯಿನ್ ಗ್ರಹದಲ್ಲಿ ನೋಡಿದ ಹಾಗೆ ಕೆಲವರ ಭುಜದ ಮೇಲೆ ಒಂದು ಕಿತ್ತಳೆ ಪಟ್ಟಿ. ಹೆಸರಿಲ್ಲ. ಡೆತ್ ಸ್ಟಾರ್‌ನಲ್ಲಿ ಅಧಿಕಾರಿ ಕರೆಯುವುದು ಟಿಕೆ-421 ಅಂತ. ಅಂದರೆ ಒಂದೇ ಮುಖ ಇದ್ದವರಿಗೆ ಹೆಸರುಗಳಿದ್ದವು, ಬೇರೆ ಬೇರೆ ಮುಖ ಇದ್ದವರಿಗೆ ಸಂಖ್ಯೆ ಮಾತ್ರ ಉಳಿಯಿತು.

501 ಅಂದೆನಲ್ಲ, ಯಾರೂ ಕೇಳದಿದ್ದರೂ ಆ ಸಂಖ್ಯೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಅದು ಮೊದಲು ಚಿತ್ರದಿಂದ ಬಂದದ್ದಲ್ಲ. 1997ರಲ್ಲಿ ಅಮೆರಿಕದಲ್ಲಿ ಕೆಲವು ಅಭಿಮಾನಿಗಳು ಸ್ಟಾರ್ಮ್‌ಟ್ರೂಪರ್ ಕವಚವನ್ನು ತಾವೇ ಮಾಡಿಕೊಂಡು ಒಂದು ಸಂಘ ಕಟ್ಟಿದರು. ಅದಕ್ಕೆ 501ನೇ ಲೀಜನ್ ಅಂತ ಹೆಸರಿಟ್ಟರು, ಸಾಮ್ರಾಜ್ಯದ ಖಳನಾಯಕನ ಹೆಸರಿನಲ್ಲಿ 'ವೇಡರ್‌ನ ಮುಷ್ಟಿ' ಅಂತ ಬಿರುದನ್ನೂ ಕೊಟ್ಟುಕೊಂಡರು. ಆಸ್ಪತ್ರೆಗಳಿಗೆ ಹೋಗಿ ಮಕ್ಕಳನ್ನು ಮಾತಾಡಿಸುವುದು, ದಾನಕ್ಕೆ ಹಣ ಕೂಡಿಸುವುದು ಅವರ ಕೆಲಸ. ಅವರ ಮೇಲಿನ ಗೌರವಕ್ಕೆ ಆ ಸಂಖ್ಯೆಯನ್ನು 2004ರ ಒಂದು ಕಾದಂಬರಿಯಲ್ಲಿ ಸೇರಿಸಿದರು. 2005ರ ಚಿತ್ರದಲ್ಲಿ ಮುಂದೆ ವೇಡರ್ ಆಗುವ ಅನಾಕಿನ್‌ನ ಹಿಂದೆ ಜೆಡೈ ದೇವಾಲಯಕ್ಕೆ ನುಗ್ಗುವ ನೀಲಿ ಗೆರೆಯ ದಳಕ್ಕೂ ಅದೇ ಸಂಖ್ಯೆ ಬಂತು. ಅಭಿಮಾನಿಗಳು ಆಟಕ್ಕೆ ಇಟ್ಟುಕೊಂಡ ಹೆಸರು ಆ ಸೈನ್ಯದ ಅಧಿಕೃತ ಇತಿಹಾಸಕ್ಕೆ ಸೇರಿತು.

2019ರಲ್ಲಿ 'ದ ಮ್ಯಾಂಡಲೋರಿಯನ್' ಸರಣಿಯ ಮೊದಲ ಭಾಗದ ಕೊನೆಯ ದೃಶ್ಯಗಳಿಗೆ ಚಿತ್ರತಂಡದ ಹತ್ತಿರ ಸಾಕಷ್ಟು ಸ್ಟಾರ್ಮ್‌ಟ್ರೂಪರ್ ವೇಷಗಳಿರಲಿಲ್ಲ. ಆ ಸಂಘದವರನ್ನು ಕರೆದರು. ಅವರು ಮನೆಯಲ್ಲಿ ಮಾಡಿಟ್ಟುಕೊಂಡಿದ್ದ ಕವಚಗಳನ್ನು ಹಾಕಿಕೊಂಡು ಬಂದು ಕ್ಯಾಮೆರಾ ಮುಂದೆ ಸಾಲಾಗಿ ನಿಂತರು.