ಕರೆಂಟ್ ಹೋದ ರಾತ್ರಿ ಮೀನಿಗೆ ಮೊದಲು ಬೇಕಾದ್ದು ಗಾಳಿ

ಚಳಿಗಾಲದ ರಾತ್ರಿ ಕರೆಂಟ್ ಹೋದರೆ ಉಷ್ಣವಲಯದ ಮೀನು ಸಾಕಿದವರ ಕಣ್ಣು ಮೊದಲು ಹೋಗುವುದು ಥರ್ಮಾಮೀಟರಿನ ಮೇಲೆ. ಹೀಟರ್ ನಿಂತರೆ ನೀರು ತಣ್ಣಗಾಗುತ್ತದೆ, ನೀರು ತಣ್ಣಗಾದರೆ ಮೀನು ಸಾಯುತ್ತವೆ ಎಂಬ ಲೆಕ್ಕ ಅಷ್ಟು ಆಳವಾಗಿ ಬೇರೂರಿದೆ. ಅದರ ಬೆನ್ನಿಗೇ ಬರುತ್ತವೆ ಅನಾಹುತದ ಉಪಾಯಗಳು: ತೊಟ್ಟಿಗೆ ಕುದಿನೀರು ಸುರಿಯುವುದು, ಶಕ್ತಿ ಬರಲಿ ಎಂದು ಒಂದಿಷ್ಟು ಹೆಚ್ಚು ಆಹಾರ ಹಾಕುವುದು, ಗುಳ್ಳೆಗಳಿಂದ ನೀರು ಇನ್ನಷ್ಟು ತಣ್ಣಗಾಗುತ್ತದೆಂದು ಬ್ಯಾಟರಿ ಏರ್ ಪಂಪನ್ನೂ ನಿಲ್ಲಿಸುವುದು. ಮೂರೂ ತಪ್ಪು. ಮೂರನೆಯದಂತೂ ಮೀನಿನ ಉಸಿರನ್ನೇ ಕಟ್ಟುತ್ತದೆ.

ಮೊದಲು ಶಾಖದ ಲೆಕ್ಕ ಮುಗಿಸೋಣ. 100 ಲೀಟರ್ ನೀರನ್ನು ಒಂದು ಡಿಗ್ರಿ ತಣ್ಣಗಾಗಿಸಲು ಅದರಿಂದ 418 ಕಿಲೋಜೂಲ್ ಶಾಖ ಹೊರಹೋಗಬೇಕು. ತೊಟ್ಟಿಗೆ ಗಾಜಿನ ಮುಚ್ಚಳವಿದ್ದು, ನೀರು 25 ಡಿಗ್ರಿ, ಕೋಣೆ 15 ಡಿಗ್ರಿ ಇದ್ದರೆ ಸೋರಿಕೆ ಸುಮಾರು 70 ವಾಟ್. ಹಾಗಾಗಿ ಮೊದಲ ಗಂಟೆಯಲ್ಲಿ ಇಳಿಯುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಅಷ್ಟೆ. ಅಂತರ ಕಡಿಮೆಯಾದಂತೆ ಇಳಿತವೂ ನಿಧಾನವಾಗುತ್ತದೆ; ಇದನ್ನು ನ್ಯೂಟನ್ 1701ರಲ್ಲೇ ಬರೆದಿಟ್ಟ. ಎಂಟು ಗಂಟೆ ಕಳೆದರೂ ನೀರು 21 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಿಯಾನ್ ಟೆಟ್ರಾ, ಝೀಬ್ರಾ ಡೇನಿಯೋಗಳು ಒಂದು ರಾತ್ರಿ ಇದನ್ನು ತಾಳಿಕೊಳ್ಳುತ್ತವೆ. 28–30 ಡಿಗ್ರಿಗೆ ಒಗ್ಗಿದ ಡಿಸ್ಕಸ್‌ಗೆ ಇದು ಕಷ್ಟ. 20 ಲೀಟರಿನ ಪುಟ್ಟ ತೊಟ್ಟಿಯಲ್ಲಿ ಇಳಿತ ಒಂದೂವರೆ ಪಟ್ಟಿಗೂ ಹೆಚ್ಚು ವೇಗ, ಆದ್ದರಿಂದ ಅಲ್ಲಿ ಕಾಳಜಿ ಬೇಗ ಶುರುವಾಗಬೇಕು.

ಇನ್ನು ಆಮ್ಲಜನಕ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ಅಂದರೆ 100 ಲೀಟರಿನ ಇಡೀ ದಾಸ್ತಾನು 830 ಮಿಲಿಗ್ರಾಂ, ಒಂದು ಗ್ರಾಮಿಗೂ ಕಡಿಮೆ. ಅಷ್ಟೇ ಆಮ್ಲಜನಕ ಮೂರು ಲೀಟರ್ ಗಾಳಿಯಲ್ಲಿದೆ. ಮೀನುಗಳೆಲ್ಲ ಸೇರಿ 200 ಗ್ರಾಂ ತೂಗಿದರೆ ಗಂಟೆಗೆ 50 ಮಿಲಿಗ್ರಾಂ ಆಸುಪಾಸು ಉಸಿರಾಡುತ್ತವೆ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಕೊಡುವ ಬದಲು ಬಳಸುತ್ತವೆ. ಮರಳು, ಕಸ ಮತ್ತು ಫಿಲ್ಟರಿನ ಬ್ಯಾಕ್ಟೀರಿಯಾಗಳ ಪಾಲು ಬೇರೆ. ಮೇಲಿನಿಂದ ಹೊಸ ಆಮ್ಲಜನಕ ಇಳಿಯದಿದ್ದರೆ ಮೀನು ತುಂಬಿದ ತೊಟ್ಟಿ ಬೆಳಗಾಗುವ ಮೊದಲೇ ಅಪಾಯದ ಮಟ್ಟಕ್ಕೆ ಬಂದಿರುತ್ತದೆ.

ಗಾಳಿ ಮೇಲೇ ಇದೆಯಲ್ಲ, ತಾನಾಗಿ ಇಳಿಯಬಾರದೇ? ಇಲ್ಲಿದೆ ಇಡೀ ವಿಷಯದ ಸ್ವಾರಸ್ಯ. 1855ರಲ್ಲಿ ಜ್ಯೂರಿಕ್‌ನಲ್ಲಿ ಅಡಾಲ್ಫ್ ಫಿಕ್ ಎಂಬ ಶರೀರಶಾಸ್ತ್ರಜ್ಞ ಉಪ್ಪು ನೀರಿನಲ್ಲಿ ಹೇಗೆ ಹರಡುತ್ತದೆಂದು ಕೊಳವೆಗಳಲ್ಲಿ ಅಳೆದು ವಿಸರಣೆಯ ನಿಯಮ ಕೊಟ್ಟ. ಆ ನಿಯಮದಲ್ಲಿ ಅಡಗಿರುವ ಚಮತ್ಕಾರ ಇದು: ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ, ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು. ಜೊತೆಗೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಸಂಪೂರ್ಣ ನಿಶ್ಚಲವಾದ ನೀರಿನಲ್ಲಿ ಆಮ್ಲಜನಕದ ಅಣು ಒಂದು ಮಿಲಿಮೀಟರ್ ಇಳಿಯಲು ನಾಲ್ಕೈದು ನಿಮಿಷ ಸಾಕು; 30 ಸೆಂಟಿಮೀಟರ್ ಇಳಿದು ತಳ ಮುಟ್ಟಲು ಎಂಟು ತಿಂಗಳಿಗೂ ಹೆಚ್ಚು ಬೇಕು. ಟಿಕೆಟ್ ಕೌಂಟರಿನ ಮುಂದೆ ಮೊದಲ ಸಾಲಿನವರು ಟಿಕೆಟ್ ಕೊಂಡೂ ಜಾಗ ಬಿಡದಿದ್ದರೆ ಹಿಂದಿನವರಿಗೆ ಏನೂ ಸಿಗುವುದಿಲ್ಲ ನೋಡಿ, ಹಾಗೆ ಮೇಲ್ಪದರದ ನೀರು ತುಂಬಿಕೊಂಡು ಅಲ್ಲೇ ನಿಂತುಬಿಡುತ್ತದೆ. ಅದನ್ನು ಕೆಳಕ್ಕೆ ಸರಿಸುವ ಕೆಲಸವನ್ನು ದಿನವಿಡೀ ಮಾಡುತ್ತಿದ್ದದ್ದು ಫಿಲ್ಟರಿನ ಹರಿವು ಮತ್ತು ಗುಳ್ಳೆಗಳು. ಗುಳ್ಳೆ ಮೇಲೇರುವಾಗ ಕರಗುವ ಆಮ್ಲಜನಕ ಅಲ್ಪ. ತಳದ ನೀರನ್ನು ಎಳೆದು ತಂದು ಮೇಲ್ಮೈಯನ್ನು ಬದಲಿಸುವುದೇ ಅದರ ದೊಡ್ಡ ಉಪಕಾರ.

ತಣ್ಣಗಾಗುತ್ತಿರುವ ತೊಟ್ಟಿಯಲ್ಲಿ ಪ್ರಕೃತಿಯೂ ಸ್ವಲ್ಪ ಕೈಜೋಡಿಸುತ್ತದೆ. ಮೇಲೆ ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಇಳಿಯುವಾಗ ಆಮ್ಲಜನಕವನ್ನೂ ಒಯ್ಯುತ್ತದೆ. ತಂಪು ನೀರು ಹೆಚ್ಚು ಆಮ್ಲಜನಕ ಹಿಡಿಯುತ್ತದೆ, 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ, ಮೀನಿನ ಬೇಡಿಕೆಯೂ ಆಗ ತಗ್ಗುತ್ತದೆ. ನಿಧಾನವಾದ ತಂಪು ಈ ಮಟ್ಟಿಗೆ ಮೀನಿನ ಪರವಾಗಿಯೇ ಇದೆ. ಕುದಿನೀರು ಸುರಿದವರು ಈ ಎರಡು ಅನುಕೂಲಗಳನ್ನೂ ಕಿತ್ತುಕೊಂಡು, ಮೀನನ್ನು ಬೇಯಿಸುವ ಅಪಾಯವನ್ನೂ ಸೇರಿಸುತ್ತಾರೆ. ಆಹಾರ ಹಾಕಿದರೆ ಜೀರ್ಣಕ್ರಿಯೆಗೆಂದೇ ಆಮ್ಲಜನಕದ ಖರ್ಚು ಏರುತ್ತದೆ, ಉಳಿದದ್ದು ಕೊಳೆಯುತ್ತದೆ. ಆರೋಗ್ಯವಾಗಿರುವ, ಬೆಳೆದ ಮೀನುಗಳು ಮೂರ್ನಾಲ್ಕು ದಿನ ಉಪವಾಸವಿದ್ದರೂ ಏನೂ ಆಗದು.

ಏರ್ ಪಂಪಿನಿಂದ ನೀರು ತಣ್ಣಗಾಗುತ್ತದೆಂಬ ಭಯವನ್ನೂ ಲೆಕ್ಕಕ್ಕೆ ಇಟ್ಟು ನೋಡಿ. ನಿಮಿಷಕ್ಕೆ ಎರಡು ಲೀಟರಿನಂತೆ ಗಂಟೆಗೆ 120 ಲೀಟರ್ ತಣ್ಣನೆಯ ಗಾಳಿ ಒಳಹೋಗುತ್ತದೆ. ಅದನ್ನು ಬೆಚ್ಚಗಾಗಿಸಲು ಮತ್ತು ಅದರೊಂದಿಗೆ ಹೋಗುವ ಆವಿಗೆ ತಗಲುವ ಶಾಖ ಸೇರಿಸಿದರೂ 100 ಲೀಟರ್ ನೀರು ಇಳಿಯುವುದು ಒಂದು ಡಿಗ್ರಿಯ ಐವತ್ತನೇ ಒಂದು ಪಾಲಿನಷ್ಟು. ನಿಜವಾದ ಕಳ್ಳ ಮುಚ್ಚಳವಿಲ್ಲದ ತೊಟ್ಟಿ: 100 ಮಿಲಿಲೀಟರ್ ನೀರು ಆವಿಯಾದರೆ ಅರ್ಧ ಡಿಗ್ರಿಗೂ ಹೆಚ್ಚು ಹೋಯಿತು. ಹಾಗಾಗಿ ಮುಚ್ಚಳ ಹಾಕಿ, ಪಂಪ್ ಓಡಿಸಿ. ನೀರಿನ ಮೇಲೆ ನಾಲ್ಕೈದು ಸೆಂಟಿಮೀಟರ್ ಗಾಳಿ ಇದ್ದರೆ ಅದರಲ್ಲೇ ಹಲವು ಗ್ರಾಂ ಆಮ್ಲಜನಕವಿರುತ್ತದೆ. ಮೇಲಿನ ಗಾಳಿಯನ್ನೇ ಉಸಿರಾಡುವ ಬೆಟ್ಟಾ, ಗೌರಾಮಿಗಳಿಗೂ ಆ ಬೆಚ್ಚನೆಯ ಜಾಗ ಬೇಕೇ ಬೇಕು.

ಬ್ಯಾಟರಿಯ ಲೆಕ್ಕವೂ ಇದನ್ನೇ ಹೇಳುತ್ತದೆ. 12 ವೋಲ್ಟ್, 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯಲ್ಲಿರುವುದು 84 ವಾಟ್-ಅವರ್. 100 ವಾಟಿನ ಹೀಟರಿಗೆ ಅದು ಒಂದು ಗಂಟೆಯೂ ಬಾರದು. 3 ವಾಟಿನ ಏರ್ ಪಂಪನ್ನು ಇಡೀ ರಾತ್ರಿ ಓಡಿಸುತ್ತದೆ. ಪಂಪಿಗೆ ಸ್ಪಂಜ್ ಫಿಲ್ಟರ್ ಜೋಡಿಸಿದರೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳೂ ಬದುಕುತ್ತವೆ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಟ್ಯೂಬಿನಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಗೊಡುವ ಕವಾಟ) ಇರಲೇಬೇಕು; ಇಲ್ಲವಾದರೆ ಪಂಪ್ ನಿಂತ ಕೂಡಲೇ ಅದೇ ಟ್ಯೂಬಿನಲ್ಲಿ ನೀರು ಹಿಂದಕ್ಕೆ ಹರಿದು ನೆಲಕ್ಕಿಳಿಯುತ್ತದೆ. ಪಂಪೇ ಇಲ್ಲದವರು ಮಗ್ಗಿನಿಂದ ನೀರು ಮೊಗೆದು ಒಂದು ಗೇಣು ಎತ್ತರದಿಂದ ಸುರಿಯಬೇಕು, ಕಾಲು ಗಂಟೆಗೊಮ್ಮೆ ಇಪ್ಪತ್ತು ಮಗ್. ಟೆಟ್ರಾ, ಬಾರ್ಬ್‌ಗಳು ಮೇಲೆ ಬಂದು ಬಾಯಿ ಬಡಿಯತೊಡಗಿದರೆ ಅದು ಆಮ್ಲಜನಕದ ಕೊರತೆ, ತಕ್ಷಣ ಸುರಿಯಿರಿ. ರೆಕ್ಕೆ ಮಡಚಿ ತಳದಲ್ಲಿ ಕದಲದೆ ಕೂತಿದ್ದರೆ ಹೆಚ್ಚಾಗಿ ಚಳಿ.

ಚಳಿಗೆ ಮದ್ದು ಥರ್ಮೋಕೋಲ್. 25 ಮಿಲಿಮೀಟರ್ ದಪ್ಪದ ಹಾಳೆಯನ್ನು ನಾಲ್ಕೂ ಬದಿಗೆ, ತಳಕ್ಕೆ ಮತ್ತು ಮುಚ್ಚಳದ ಮೇಲೆ ಸಂದಿಲ್ಲದಂತೆ ಕೂರಿಸಿದರೆ ಎಂಟು ಗಂಟೆಯ ಇಳಿತ ಎರಡು ಡಿಗ್ರಿಯೊಳಗೆ ನಿಲ್ಲುತ್ತದೆ. ತಳದ ಹಾಳೆಯನ್ನು ತೊಟ್ಟಿ ಇಡುವಾಗಲೇ ಹಾಕಿರಬೇಕು. ಕಂಬಳಿಯೂ ಆದೀತು, ಆದರೆ ಒದ್ದೆಯಾಗಕೂಡದು. ಬಿಸಿನೀರಿನ ಬಾಟಲಿ ತೇಲಿಬಿಡುವುದು ಒಳ್ಳೆಯ ಉಪಾಯವೇ; 60 ಡಿಗ್ರಿಯ ಒಂದು ಲೀಟರ್ ಬಾಟಲಿ 22 ಡಿಗ್ರಿಯ 100 ಲೀಟರ್ ನೀರನ್ನು ಏರಿಸುವುದು ಮೂರನೇ ಒಂದು ಡಿಗ್ರಿಯಷ್ಟು, ಆದ್ದರಿಂದ ಗಾಬರಿಯೂ ಬೇಡ, ಪವಾಡದ ನಿರೀಕ್ಷೆಯೂ ಬೇಡ. ತೊಟ್ಟಿ ತುಂಬಿದ್ದರೆ ಮೊದಲು ಅಷ್ಟು ನೀರನ್ನು ಬಕೆಟ್ಟಿಗೆ ತೆಗೆದಿಡಿ. ಕೋಣೆ ಮುಚ್ಚಿಕೊಂಡು ಇದ್ದಿಲು ಅಥವಾ ಗ್ಯಾಸ್ ಉರಿಸುವುದು ಮಾತ್ರ ಯಾರಿಗೂ ಬೇಡ. ಕಾರ್ಬನ್ ಮೋನಾಕ್ಸೈಡ್ ಮನುಷ್ಯರನ್ನೇ ಕೊಲ್ಲುತ್ತದೆ.

ಕರೆಂಟ್ ಬಂದ ಮೇಲೂ ಒಂದು ಗಂಡಾಂತರ ಉಳಿದಿದೆ. ಫಿಕ್ ಇದ್ದ ಅದೇ ಜ್ಯೂರಿಕ್‌ನಲ್ಲಿ 1890ರ ಹೊತ್ತಿಗೆ ಸೆರ್ಗೇ ವಿನೊಗ್ರಾಡ್ಸ್ಕಿ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞ, ಮೀನಿನ ತ್ಯಾಜ್ಯದಿಂದಲೂ ಬರುವ ವಿಷವಾದ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ. ಅವು ಆಮ್ಲಜನಕಕ್ಕೆ ಬಹಳ ಹಸಿದ ಜೀವಿಗಳು: ಅಮೋನಿಯಾದಲ್ಲಿನ ಒಂದು ಗ್ರಾಂ ಸಾರಜನಕಕ್ಕೆ ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ತೊಟ್ಟಿಯ ಹೊರಗೆ ಡಬ್ಬಿಯಂತೆ ಮುಚ್ಚಿರುವ ಕ್ಯಾನಿಸ್ಟರ್ ಫಿಲ್ಟರಿನೊಳಗೆ ಹರಿವು ನಿಂತರೆ ಅಲ್ಲಿನ ಆಮ್ಲಜನಕ ಬೇಗ ಬರಿದಾಗಿ, ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ, ನೀರು ಕೊಳೆಯುತ್ತದೆ. ಕರೆಂಟ್ ಬಂದ ಕ್ಷಣ ಆ ಕೊಳೆನೀರೆಲ್ಲ ನೇರ ತೊಟ್ಟಿಗೆ. ಆದ್ದರಿಂದ ಕರೆಂಟ್ ಹೋದಾಗಲೇ ಕ್ಯಾನಿಸ್ಟರಿನ ಪ್ಲಗ್ ತೆಗೆದಿಡಿ. ಒಂದೆರಡು ಗಂಟೆ ಮೀರಿದರೆ ಅದನ್ನು ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು (ಬ್ಯಾಕ್ಟೀರಿಯಾ ನೆಲೆಸುವ ಸ್ಪಂಜು, ಚೂರುಗಳನ್ನು) ತೊಟ್ಟಿಯ ನೀರಿನಲ್ಲೇ ಜಾಲಿಸಿ. ಕ್ಲೋರಿನ್ ಇರುವ ನಲ್ಲಿನೀರು ತಾಕಿಸಬೇಡಿ.

ಹೀಟರ್ ಹಾಕುವ ಮೊದಲು ಅದು ಪೂರ್ತಿ ಮುಳುಗಿದೆಯೇ ನೋಡಿ, ಇಲ್ಲವಾದರೆ ಅದರ ಗಾಜು ಒಡೆಯುತ್ತದೆ. ನೀರಿನ ಬಿಸಿ ಗಂಟೆಗೆ ಒಂದು ಡಿಗ್ರಿಗಿಂತ ಬೇಗ ಏರದಿರಲಿ. ಮಾರನೆಯ ದಿನದಿಂದ ಮೂರ್ನಾಲ್ಕು ದಿನ ಅಮೋನಿಯಾ ಪರೀಕ್ಷಿಸಿ. ಕಂಡುಬಂದರೆ ಕಾಲು ಭಾಗ ನೀರು ಬದಲಿಸಿ, ಆಹಾರ ಅರ್ಧಕ್ಕೆ ಇಳಿಸಿ. ಚಳಿಗೆ ಸೊರಗಿದ ಮೀನಿನ ರೋಗನಿರೋಧಕ ಶಕ್ತಿ ತಗ್ಗಿರುತ್ತದೆ, ಬಿಳಿಚುಕ್ಕೆ ರೋಗ ಅಂಟುವುದು ಆಗಲೇ. ಹತ್ತು ದಿನ ರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಕಾಣುತ್ತದೆಯೇ ಎಂದು ಬೆಳಕಿನಲ್ಲಿ ನೋಡುತ್ತಿರಿ.