ಮೊದಲ ಸಿನಿಮಾ ನಟಿ ಯಾರು: ಅಮ್ಮನೋ, ಮಗಳೋ?

ಪ್ರಶ್ನೆ: ಭಾರತದ ಮೊದಲ ಸಿನಿಮಾ ನಟಿ ಅಂತ ಕೆಲವು ಕಡೆ ದುರ್ಗಾಬಾಯಿ ಕಾಮತ್ ಹೆಸರಿದೆ, ಕೆಲವು ಕಡೆ ಕಮಲಾಬಾಯಿ ಗೋಖಲೆ ಅಂತಿದೆ. ಯಾವುದು ಸರಿ?

ಎರಡೂ ಸರಿ. ಇವರು ತಾಯಿ ಮಗಳು. ಇಬ್ಬರೂ ಮೊದಲ ಸಲ ಕ್ಯಾಮೆರಾ ಮುಂದೆ ನಿಂತಿದ್ದು ಒಂದೇ ಚಿತ್ರಕ್ಕೆ.

1913ರ ಮೇ 3ರಂದು ಮುಂಬೈನಲ್ಲಿ ಭಾರತದ ಮೊದಲ ಕಥಾಚಿತ್ರ ಅನ್ನುವ ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆ ಕಂಡಿತು. ಅದರಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿಯಾಗಿದ್ದು ಅಣ್ಣಾ ಸಾಳುಂಕೆ, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಗಂಡಸು. ಫಾಲ್ಕೆ ಎಷ್ಟು ಹುಡುಕಿದರೂ ನಟಿಸಲು ಒಬ್ಬ ಹೆಂಗಸೂ ಒಪ್ಪಿರಲಿಲ್ಲ. ನೋಡುವವರಿಗೆ ಅದೇನೂ ವಿಚಿತ್ರ ಅನಿಸಿರಲಿಕ್ಕಿಲ್ಲ ಬಿಡಿ. ಆಗ ನಾಟಕ ಕಂಪನಿಗಳಲ್ಲೂ ಸೀರೆ ಉಡುತ್ತಿದ್ದವರು ಹೆಚ್ಚಾಗಿ ಗಂಡಸರೇ.

ಅದೇ ವರ್ಷ ಫಾಲ್ಕೆ ಕೈಗೆತ್ತಿಕೊಂಡ ಮುಂದಿನ ಚಿತ್ರ ‘ಮೋಹಿನಿ ಭಸ್ಮಾಸುರ’. ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರನನ್ನು ಕಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಕುಣಿದು ಕುಣಿಸಿ ರಾಕ್ಷಸನ ಕೈ ಅವನ ತಲೆಯ ಮೇಲೇ ಇಡಿಸುವ ಮೋಹಿನಿಯದೇ ಇಲ್ಲಿ ದೊಡ್ಡ ಪಾತ್ರ. ಅದು ಹದಿಮೂರರ ಆಸುಪಾಸಿನ ಕಮಲಾಗೆ ಸಿಕ್ಕಿತು. ಪಾರ್ವತಿಯಾಗಿದ್ದು ಅಮ್ಮ ದುರ್ಗಾಬಾಯಿ. ಹಾಗಾಗಿ ಮೊದಲ ನಟಿ ಅಂದರೆ ದುರ್ಗಾಬಾಯಿ, ಮೊದಲ ನಾಯಕಿ ಅಂದರೆ ಕಮಲಾಬಾಯಿ ಅಂತ ಹೇಳುವ ರೂಢಿ ಬಂತು. ಕ್ವಿಜ್‌ಗೆ ಇಷ್ಟು ಸಾಕು.

ಆದರೆ ಬೇರೆ ಯಾರೂ ಒಪ್ಪದ ಕೆಲಸಕ್ಕೆ ಇವರಿಬ್ಬರು ಹೇಗೆ ಒಪ್ಪಿದರು? ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ದುರ್ಗಾಬಾಯಿ ಗಂಡನಿಂದ ದೂರವಾಗಿ, ಮಗಳನ್ನು ಕಟ್ಟಿಕೊಂಡು ಬದುಕುತ್ತಿದ್ದರು. ಒಂಟಿ ಹೆಂಗಸಿಗೆ ಆಗ ಇದ್ದ ದಾರಿಗಳೇ ಕಡಿಮೆ. ಅವರು ಊರೂರು ತಿರುಗುವ ನಾಟಕ ಕಂಪನಿ ಸೇರಿದರು. ಕಮಲಾ ಕೂಡ ತೀರಾ ಚಿಕ್ಕವಳಿದ್ದಾಗಲೇ ಬಣ್ಣ ಹಚ್ಚಿದಳು. ನಾಟಕದವರು ಅಂತ ಜನ ಆಡಿಕೊಳ್ಳುವುದನ್ನು ಇಬ್ಬರೂ ಆಗಲೇ ಕೇಳಿ ಮುಗಿಸಿದ್ದರು. ಸಿನಿಮಾದಿಂದ ಹೊಸದಾಗಿ ಕಳೆದುಕೊಳ್ಳುವುದು ಏನಿತ್ತು?

ಚಿತ್ರ ಮುಗಿದ ಮೇಲೆ ಕಮಲಾಬಾಯಿ ಮತ್ತೆ ರಂಗಕ್ಕೇ ಬಂದರು. ನಟ ರಘುನಾಥರಾವ್ ಗೋಖಲೆಯವರನ್ನು ಮದುವೆಯಾದರು. ಕಮಲಾಬಾಯಿಗೆ ಇನ್ನೂ ಇಪ್ಪತ್ತೈದಾಗುವ ಹೊತ್ತಿಗೇ ಗಂಡ ತೀರಿಕೊಂಡರು. ಮೂವರು ಗಂಡುಮಕ್ಕಳನ್ನು ಸಾಕಿದ್ದು ಅಭಿನಯದ ದುಡಿಮೆಯಿಂದಲೇ. ಗಂಡು ಪಾತ್ರಗಳನ್ನೂ ಮಾಡಿದರು. ಗಂಡಸರು ತಾರಾಮತಿಯಾಗುತ್ತಿದ್ದ ಕಾಲ ನೋಡಿದವರು ತಾವೇ ಗಂಡಸಿನ ವೇಷ ಹಾಕಿದರು, ಚೆನ್ನಾಗಿದೆ ಅಲ್ವಾ!

ಮಕ್ಕಳಲ್ಲಿ ಚಂದ್ರಕಾಂತ್ ಮರಾಠಿಯ ಹೆಸರಾಂತ ನಟ. ಲಾಲ್‌ಜಿ ಮತ್ತು ಸೂರ್ಯಕಾಂತ್ ತಬಲಾ ಹಿಡಿದರು. ‘ಹಮ್ ದಿಲ್ ದೇ ಚುಕೇ ಸನಮ್’ನಲ್ಲಿ ಐಶ್ವರ್ಯಾ ರೈ ಅಪ್ಪನಾಗಿದ್ದ ವಿಕ್ರಂ ಗೋಖಲೆ ಕಮಲಾಬಾಯಿಯವರ ಮೊಮ್ಮಗ.

ಮಾತು ಬಂದ ಮೇಲಿನ ಸಿನಿಮಾಗಳಲ್ಲೂ ಕಮಲಾಬಾಯಿ ಆಗಾಗ ಕಾಣಿಸಿಕೊಂಡರು. ಅವರ ಕೊನೆಯ ಚಿತ್ರ 1980ರ ‘ಗೆಹ್ರಾಯಿ’. ನಮ್ಮ ಅನಂತ್ ನಾಗ್ ಕೂಡ ಅದರಲ್ಲಿದ್ದಾರೆ. ‘ಮೋಹಿನಿ ಭಸ್ಮಾಸುರ’ ನೋಡೋಣ ಅಂದರೆ ಇವತ್ತು ಸಿಗುವುದಿಲ್ಲ. ಆದರೆ ತೊಂಬತ್ತರ ವಯಸ್ಸಿನ ಕಮಲಾಬಾಯಿಯವರ ಮೇಲೆ ರೀನಾ ಮೋಹನ್ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದರ ಹೆಸರೂ ‘ಕಮಲಾಬಾಯಿ’ ಅಂತಲೇ.