ಹುಟ್ಟಿಗೂ ಹಾಯಿಗೂ ಒಗ್ಗುವ ಮರದ ದೋಣಿ

ಹುಟ್ಟು ಹಾಕುವ ದೋಣಿಯ ಆಕಾರವೇ ಬೇರೆ, ಹಾಯಿ ಕಟ್ಟುವ ದೋಣಿಯ ಆಕಾರವೇ ಬೇರೆ. ಎರಡೂ ಒಂದರಲ್ಲೇ ಬೇಕು ಅಂತ ಹೊರಟರೆ ಜಟಾಪಟಿ ಶುರು. ನನಗಂತೂ ದೋಣಿ ಕಟ್ಟುವುದರಲ್ಲಿ ತುಂಬಾ ಇಷ್ಟವಾಗುವುದೇ ಈ ಜಟಾಪಟಿ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ನೀರಿಗೇನೂ ಬರವಿಲ್ಲ. ಅಯ್ಯನಕೆರೆ ಇದೆ, ಯಗಚಿ ಇದೆ, ಗೊರೂರಿನ ಹೇಮಾವತಿ ಹಿನ್ನೀರಿದೆ. ಮರಗೆಲಸ ಸ್ವಲ್ಪ ಗೊತ್ತಿದ್ದು ಒಂದು ಶೆಡ್ ಖಾಲಿ ಇದ್ದರೆ 11 ಅಡಿಯ ದೋಣಿಯನ್ನು ಮನೆಯಲ್ಲೇ ಮಾಡಬಹುದು.

ಹುಟ್ಟು ಹಾಕುವುದು ಮನುಷ್ಯನ ರಟ್ಟೆ. ಗಂಟೆಗಟ್ಟಲೆ ಹಾಕುವಾಗ ಅದರಿಂದ ಸಿಗುವುದು 75 ವ್ಯಾಟ್ ಆಸುಪಾಸಿನ ಶಕ್ತಿ, ಅಷ್ಟೆ. ಹಾಗಾಗಿ ದೋಣಿ ಸಪೂರವಾಗಿ, ಹಗುರವಾಗಿ ಇರಬೇಕು. ಹಾಯಿ ಕಟ್ಟಿದರೆ ಕಥೆ ಉಲ್ಟಾ. ಗಾಳಿ ದೋಣಿಯನ್ನು ಪಕ್ಕಕ್ಕೆ ವಾಲಿಸುತ್ತದೆ, ಅದಕ್ಕೆ ಎದುರು ನಿಲ್ಲಲು ಅಗಲ ಬೇಕು. ನೀರಿನ ಮಟ್ಟದಲ್ಲಿ ಅಗಲ ಹೆಚ್ಚಿದರೆ ಈ ಎದುರು ನಿಲ್ಲುವ ಗುಣ ಅಗಲದ ಘನದ ಲೆಕ್ಕದಲ್ಲಿ ಏರುತ್ತದೆ. 3 ಅಡಿಯನ್ನು 4 ಅಡಿ ಮಾಡಿದರೆ ಎರಡು ಪಟ್ಟಿಗಿಂತ ಜಾಸ್ತಿ! ಈ ಲೆಕ್ಕಕ್ಕೆ ಬುನಾದಿ ಹಾಕಿದ್ದು ಫ್ರಾನ್ಸಿನ ಪಿಯೆರ್ ಬೂಗೆ, 1746ರಲ್ಲಿ.

ಇಬ್ಬರನ್ನೂ ಒಪ್ಪಿಸುವ ಉಪಾಯ ಒಂದಿದೆ. ದೋಣಿಯ ತಳವನ್ನು ಸಪೂರ ಇಟ್ಟು, ಬದಿಗಳು ಮೇಲೇರುತ್ತಾ ಹೊರಕ್ಕೆ ಚಾಚುವಂತೆ ಮಾಡುವುದು. ಒಬ್ಬರೇ ಕೂತು ಹುಟ್ಟು ಹಾಕುವಾಗ ದೋಣಿ ನೆಟ್ಟಗಿರುತ್ತದೆ, ಸಪೂರ ಭಾಗ ಮಾತ್ರ ನೀರಲ್ಲಿರುತ್ತದೆ. ಗಾಳಿಗೆ ವಾಲಿತು ಅನ್ನಿ, ಆ ಕಡೆಯ ಚಾಚಿದ ಬದಿ ನೀರಿಗಿಳಿಯುತ್ತದೆ, ಅಗಲ ತಾನಾಗಿಯೇ ಹೆಚ್ಚುತ್ತದೆ. ಮೇಲೆ ಅಗಲ ಇರುವುದು ಹುಟ್ಟಿಗೂ ಒಳ್ಳೆಯದು, ಎರಡು ಹುಟ್ಟುಗಳ ಆಧಾರ ದೂರ ದೂರ ಸಿಗುತ್ತದೆ.

ಚಪ್ಪಟೆ ಪ್ಲೈವುಡ್ಡಿನಿಂದ ಇಂಥ ಬಾಗಿದ ಆಕಾರ ತರುವುದು ಹೇಗೆ? ಹೊಲಿಯಬೇಕು. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ 'ಮಿರರ್' ಅನ್ನುವ 3.3 ಮೀಟರಿನ ದೋಣಿಯನ್ನು ಹೀಗೆ ರೂಪಿಸಿದರು. ಹುಟ್ಟೂ ಹಾಕಬಹುದು, ಹಾಯಿಯೂ ಕಟ್ಟಬಹುದು. ಮುಂದೆ 70,000ಕ್ಕೂ ಹೆಚ್ಚು ಮಿರರ್‌ಗಳು ತಯಾರಾದವು, ಎಷ್ಟೋ ಮನೆಗಳ ಗ್ಯಾರೇಜಿನಲ್ಲೇ.

ಕೆಲಸ ನೋಡಲು ಬಲು ಚೆಂದ. 6 ಎಂಎಂ ಪ್ಲೈ ಹಲಗೆಗಳ ಅಂಚಿನುದ್ದಕ್ಕೂ ನಾಲ್ಕೈದು ಇಂಚಿಗೊಂದು ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ, ಹೊರಗಡೆ ಕಟಿಂಗ್ ಪ್ಲೇಯರಿನಿಂದ ತಿರುಚುತ್ತಾ ಬರಬೇಕು. ಎರಡು ಹಲಗೆಗಳ ಅಂಚಿನ ತಿರುವು ಬೇರೆ ಬೇರೆ ಇರುತ್ತದೆ. ಅವು ಒಂದಕ್ಕೊಂದು ಕೂಡಬೇಕಾದರೆ ಎರಡೂ ಬಾಗಲೇಬೇಕು, ಬೇರೆ ದಾರಿಯೇ ಇಲ್ಲ. ಮೊದಲು ಎಲ್ಲಾ ತಂತಿಯನ್ನೂ ಸಡಿಲವಾಗಿ ಹಾಕಿ, ಆಮೇಲೆ ಈ ಬದಿಗೊಂದು ಸುತ್ತು ಆ ಬದಿಗೊಂದು ಸುತ್ತು ಅಂತ ಬಿಗಿ ಮಾಡುತ್ತಾ ಹೋದರೆ, ನೆಲದ ಮೇಲೆ ಬಿದ್ದಿದ್ದ ಹಲಗೆಗಳು ಕಿರ್ ಅನ್ನುತ್ತಾ ಮೇಲೆದ್ದು ದೋಣಿಯಾಗುತ್ತವೆ. ಒಂದೇ ಕಡೆ ಜೋರಾಗಿ ತಿರುಚಿದರೆ ತೂತು ಹರಿಯುತ್ತದೆ, ಹುಷಾರು. ಒಳಗಿನ ಸಂದಿಗೆ ನುಣ್ಣನೆ ಮರದ ಹುಡಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದರೆ ಆ ಮೂಲೆ ಪ್ಲೈಗಿಂತ ಗಟ್ಟಿ.

ಎಪಾಕ್ಸಿಗೆ ಥಂಡಿ, ತೇವ ಎರಡೂ ಆಗಿಬರುವುದಿಲ್ಲ. ಗಟ್ಟಿಯಾಗುವುದು ನಿಧಾನ, ಮೇಲೆ ಜಿಡ್ಡಿನಂಥ ಪದರ ಕೂರುತ್ತದೆ, ಅದರ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ. ಹಾಗಾಗಿ ಕಾಫಿ ಕೊಯ್ಲು ಮುಗಿದು ಗೋಡೌನ್ ಖಾಲಿಯಾದ ಮೇಲೆ ಶುರು ಮಾಡಿ ಮಳೆ ಹಿಡಿಯುವ ಮೊದಲು ಅಂಟಿನ ಕೆಲಸ ಮುಗಿಸುವುದು ವಾಸಿ.

ಹಾಯಿ ಕಟ್ಟಿದರಷ್ಟೇ ಸಾಲದು, ದೋಣಿಯ ನಡುವಿನ ಸೀಳಿನಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಡಬೇಕು. ಇಲ್ಲದಿದ್ದರೆ ಅಡ್ಡಗಾಳಿಗೆ ದೋಣಿ ಸುಮ್ನೆ ಪಕ್ಕಕ್ಕೆ ಜಾರುತ್ತದೆ. ಹಣ್ಣಾದ ಕಾಫಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಬೀಜ ಚಂಗನೆ ಮುಂದಕ್ಕೆ ಚಿಮ್ಮುತ್ತದಲ್ವಾ? ಇಲ್ಲಿ ಒಂದು ಬೆರಳು ಹಾಯಿಗೆ ಬಡಿಯುವ ಗಾಳಿ, ಇನ್ನೊಂದು ಬೆರಳು ಆ ಹಲಗೆಯನ್ನು ತಡೆಯುವ ನೀರು. ಗಾಳಿಗೆ ನೇರ ಎದುರಾಗಿ ಹೋಗಲು ಯಾವ ಹಾಯಿದೋಣಿಗೂ ಆಗದು. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಾಡುತ್ತಾ ಮೇಲೇರಬೇಕು. ಹುಟ್ಟು ಹಾಕುವಾಗ ಆ ಹಲಗೆಯನ್ನು ಮೇಲೆತ್ತಿಬಿಟ್ಟರೆ ಆಯಿತು.

ಪ್ಲೈ ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ, ಅದರ ಅಂಟು ಕುದಿಯುವ ನೀರಿಗೂ ಬಿಡುವುದಿಲ್ಲ. ಮರಕ್ಕೆ ಕೆರೆಗಿಂತ ದೊಡ್ಡ ಶತ್ರು ಮಳೆನೀರು. ಮರದಲ್ಲಿ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. ಸಮುದ್ರದ ಉಪ್ಪು ಇದನ್ನು ಸ್ವಲ್ಪ ತಡೆಯುತ್ತದೆ, ನಮಗೆ ಆ ಅನುಕೂಲವಿಲ್ಲ. ಮೂಡಿಗೆರೆಯಂಥ ಕಡೆ ಬಯಲಲ್ಲಿ ಬಿಟ್ಟ ದೋಣಿಯ ಮೂಲೆಯಲ್ಲಿ ನಿಂತ ನೀರು ಒಂದೆರಡು ಮಳೆಗಾಲದಲ್ಲೇ ಮರವನ್ನು ಮೆತ್ತಗೆ ಮಾಡಬಲ್ಲದು. ಸೂರಿನ ಕೆಳಗೆ ಬೋರಲು ಹಾಕಿ, ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಿ.

ಮುಂದೆ, ಹಿಂದೆ, ಕೂರುವ ಹಲಗೆಯ ಕೆಳಗೆ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳಿರಲೇಬೇಕು. 100 ಲೀಟರ್ ಖಾಲಿ ಜಾಗ ಪೂರ್ತಿ ಮುಳುಗಿದಾಗ ಸುಮಾರು 100 ಕೆಜಿ ಭಾರವನ್ನು ಎತ್ತಿ ಹಿಡಿಯುತ್ತದೆ. ಸೊಂಟದ ಮಟ್ಟದ ನೀರಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ದೋಣಿಯನ್ನು ನಾವೇ ಬೇಕಂತ ಮಗುಚಿ ನೋಡಬೇಕು: ತೇಲುತ್ತದಾ, ನೆಟ್ಟಗೆ ಮಾಡಿ ಹತ್ತಲು ಆಗುತ್ತದಾ, ಬಕೆಟ್‌ನಿಂದ ನೀರು ಎತ್ತಿಹಾಕಲು ಆಗುತ್ತದಾ ಅಂತ. ಇಷ್ಟಾದ ಮೇಲೆಯೇ ಜಲಾಶಯಕ್ಕೆ ಇಳಿಸುವ ಅನುಮತಿಗೆ ಅರ್ಜಿ ಹಾಕಿ.